ಕೊರಳಿನ ನರಗಂಟು: ಮೊದಲು ಗುರುತು, ಆಮೇಲೆ ಶಸ್ತ್ರ

ಕೊರಳಿನಲ್ಲಿ ಒಂದು ಗಂಟು ಕಾಣಿಸಿಕೊಂಡರೆ ನಮ್ಮ ಜನ ಅದಕ್ಕೆ ಮೂರು ಹೆಸರುಗಳಲ್ಲಿ ಒಂದನ್ನು ಕೊಡುವುದು ವಾಡಿಕೆ. ರೋಗಿ ಎಳೆಯ ವಯಸ್ಸಿನವನಾಗಿದ್ದು ಮೈ ಸೊರಗಿದ್ದರೆ ಅದು ಗಂಡಮಾಲೆ, ಎಂದರೆ ಕ್ಷಯ. ತಂಬಾಕು ಗುಟಕಾ ಅಗಿಯುವವನಾಗಿದ್ದರೆ ಅದು ಕ್ಯಾನ್ಸರ್. ಇವೆರಡೂ ಅಲ್ಲವೆಂದು ತೋರಿದರೆ ಅದು ಬರಿಯ ಕೊಬ್ಬಿನ ಗಂಟು, ಕೊಯ್ದು ತೆಗೆದರೆ ಮುಗಿಯಿತು. ಈ ಊಹೆಗಳು ಅನೇಕ ಸಂದರ್ಭಗಳಲ್ಲಿ ನಿಜವೇ ಆಗಿರುತ್ತವೆ. ಆದರೆ ನಾಲ್ಕನೆಯ ಬಗೆಯದೊಂದು ಉಂಟು. ಅದು ನರದ ಹೊದಿಕೆಯಿಂದಲೇ ಹುಟ್ಟುವ, ಕ್ಯಾನ್ಸರಿನ ಗುಣವಿಲ್ಲದ, ನಿಧಾನವಾಗಿ ಬೆಳೆಯುವ ಗಂಟು. ವಿರಳವಾದುದರಿಂದ ಅದು ಯಾರ ನೆನಪಿಗೂ ಬರುವುದಿಲ್ಲ. ಅದರಿಂದ ರೋಗಿಯ ಪ್ರಾಣಕ್ಕೆ ಅಪಾಯವಾಗುವುದು ತೀರ ಅಪರೂಪ. ಆದರೆ ಅದೇನೆಂದು ತಿಳಿಯದೆ ಕೊಯ್ದರೆ ಅವನ ದನಿ ಹೋಗಬಹುದು, ತೋಳು ಏಳದಂತಾಗಬಹುದು. ಗುರುತಿಸದೆ ಕೊರಳಿನ ಗಂಟಿಗೆ ಶಸ್ತ್ರ ಹಚ್ಚಬಾರದು ಎಂಬುದೇ ಇಲ್ಲಿ ನಾವು ಮುಂದಿಡಬಯಸುವ ಅಭಿಪ್ರಾಯ. ಇದು ಮಹಾನಗರದ ದೊಡ್ಡ ಆಸ್ಪತ್ರೆಗಳಿಗೆ ಹೇಳಬೇಕಾದ ಮಾತಲ್ಲ. ತಾಲೂಕು ಊರುಗಳಿಗೆ ಹೇಳಬೇಕಾದುದು.

ಗದಗ ಜಿಲ್ಲೆಯ ಮುಂಡರಗಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಒಂದು ಕಡೆಗೆ ಕಪ್ಪತಗುಡ್ಡ, ಇನ್ನೊಂದು ಕಡೆಗೆ ತುಂಗಭದ್ರೆ, ನಡುವೆ ಜೋಳ ಶೇಂಗಾ ಹತ್ತಿಗಳ ಹೊಲಗಳು. ಗದಗು ಇಲ್ಲಿಂದ ಸುಮಾರು 40 ಕಿಲೋಮೀಟರು. ಅಲ್ಲಿಂದ ಹುಬ್ಬಳ್ಳಿ ಮತ್ತೆ ಸುಮಾರು 60. ಹಳ್ಳಿಯ ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಳ್ಳಿರಿ. ‘ಕುತ್ತಿಗ್ಯಾಗ ಗಂಟ ಎದ್ದೈತ್ರಿ, ನೋವೇನಿಲ್ಲ’ ಎಂದು ಅವನು ಹೇಳುವ ಹೊತ್ತಿಗೆ ಗಂಟು ಹುಟ್ಟಿ ಎರಡು ಮೂರು ವರ್ಷಗಳಾಗಿರುತ್ತವೆ. ನೋವಿಲ್ಲದ ರೋಗಕ್ಕೆ ಒಂದು ದಿನದ ಕೂಲಿಯನ್ನು ಯಾರು ಬಿಟ್ಟಾರು? ಮೊದಲು ಮನೆಯಲ್ಲಿ ಬಿಸಿ ಶಾಖ, ಬಳಿಕ ಸೊಪ್ಪಿನ ಪಟ್ಟು, ಕೆಲವೆಡೆ ಇಂದಿಗೂ ಬರೆ. ಕಪ್ಪತಗುಡ್ಡದ ಗಿಡಮೂಲಿಕೆಗಳ ವಿಷಯದಲ್ಲಿ ನಮಗೆ ಅನಾದರವಿಲ್ಲ. 2019ರಲ್ಲಿ ಆ ಗುಡ್ಡವನ್ನು ವನ್ಯಜೀವಿಧಾಮವೆಂದು ಸಾರಿದಾಗ ಸಂತೋಷಪಟ್ಟವರಲ್ಲಿ ನಾವೂ ಸೇರಿದ್ದೆವು. ಆದರೆ ನರದ ಹೊದಿಕೆಯ ಗಂಟು ಯಾವ ಸೊಪ್ಪಿಗೂ ಕರಗುವಂಥದಲ್ಲ. ಬರೆಯಂತೂ ಚರ್ಮವನ್ನು ಸುಟ್ಟು, ಮುಂದೆ ನೋಡಬೇಕಾದ ಕೈಗೂ ಕಣ್ಣಿಗೂ ಗುರುತು ಸಿಗದಂತೆ ಮಾಡುತ್ತದೆ.

ಸೊಪ್ಪಿನ ಸರದಿ ಮುಗಿದ ಮೇಲೆ ಮಾತ್ರೆಯ ಸರದಿ. ಇಂಡಿಯಾ ದೇಶದಲ್ಲಿ ಶ್ವಾಸಕೋಶದ ಹೊರಗೆ ತಲೆದೋರುವ ಕ್ಷಯದಲ್ಲಿ ಕೊರಳಿನ ಗ್ರಂಥಿಗಳ ಕ್ಷಯವೇ ಹೆಚ್ಚು ಕಾಣುವ ಬಗೆಗಳಲ್ಲೊಂದು. ಆದುದರಿಂದ ವೈದ್ಯನು ಅದನ್ನು ಮೊದಲು ಶಂಕಿಸುವುದು ಸರಿಯಾದುದೇ. ಸರಿಯಲ್ಲದುದು ಶಂಕೆಯನ್ನೇ ನಿರ್ಣಯವೆಂದು ಭಾವಿಸಿ ಆರು ತಿಂಗಳ ಔಷಧಕ್ರಮವನ್ನು ಆರಂಭಿಸುವುದು. ಗಂಟಿನಿಂದ ತೆಗೆದ ದ್ರವ್ಯದಲ್ಲಿ ಕ್ಷಯದ ರೋಗಾಣು ಇದೆಯೇ ಎಂಬುದನ್ನು ಪತ್ತೆಮಾಡುವ ಸಾಧನಗಳು ಈಗ ಸರಕಾರಿ ಕ್ಷಯ ನಿವಾರಣಾ ಕಾರ್ಯಕ್ರಮದಲ್ಲಿಯೇ ದೊರೆಯುತ್ತಿರುವಾಗ, ಬರಿಯ ಊಹೆಯ ಮೇಲೆ ಆರು ತಿಂಗಳು ಔಷಧ ನುಂಗಿಸುವುದಕ್ಕೆ ಸಮರ್ಥನೆ ಸಾಲದು. ನರಗಂಟು ಆ ಔಷಧಕ್ಕೆ ಜಗ್ಗುವುದಿಲ್ಲ. ಆಗ ‘ಕ್ಷಯ ಔಷಧಕ್ಕೆ ಮಣಿಯಲಿಲ್ಲ’ ಎಂಬ ಇನ್ನೊಂದು ತಪ್ಪು ಊಹೆ ಮೊದಲನೆಯದರ ಬೆನ್ನಿಗೆ ಬರುತ್ತದೆ. ಕೊನೆಗೆ ಯಾರೋ ಒಬ್ಬರು, ‘ಚಿಕ್ಕ ಗಂಟು, ಅರ್ಧ ಗಂಟೆಯ ಕೆಲಸ’ ಎಂದು ಮೇಲಿಂದಲೇ ಮರಗಟ್ಟಿಸಿ ಕೊಯ್ಯಲು ಮುಂದಾಗುತ್ತಾರೆ. ನಮ್ಮ ಭಯವೆಲ್ಲ ಈ ಅರ್ಧ ಗಂಟೆಯದು.

ಭಯವೇಕೆಂಬುದನ್ನು ತಿಳಿಯಲು ಕೊರಳಿನ ರಚನೆಯನ್ನು ಸ್ವಲ್ಪ ನೋಡಬೇಕು. ಅಂಗೈಯಗಲದ ಈ ಜಾಗದಲ್ಲಿ ಉಸಿರು, ಅನ್ನ, ರಕ್ತ, ಮಾತು ಎಲ್ಲದರ ದಾರಿಗಳೂ ಒತ್ತಿಕೊಂಡು ಸಾಗುತ್ತವೆ. ನಮ್ಮ ಪ್ರಾಚೀನರಿಗೆ ಇದು ತಿಳಿಯದುದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳನ್ನು ಒಂದೇ ಅಧ್ಯಾಯದಲ್ಲಿ ಹೇಳಿದ್ದರೂ ಒಂದರಿಂದೊಂದನ್ನು ಬೇರ್ಪಡಿಸಿಯೇ ಹೇಳಿದೆ. ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಕಂಠನಾಳದ ಇಕ್ಕೆಲಗಳ ಮರ್ಮಗಳನ್ನು ವಿವರಿಸುವಾಗ, ಅಲ್ಲಿ ಪೆಟ್ಟಾದರೆ ಮೂಕತನ, ದನಿಯ ವಿಕಾರ, ರುಚಿಯ ನಾಶ ಉಂಟಾಗುತ್ತದೆಂದು ಎಚ್ಚರಿಸಿದೆ. ಎರಡನೆಯ ಶತಮಾನದ ವೈದ್ಯನಾದ ಗ್ಯಾಲೆನ್ ಕಿರುಚುತ್ತಿದ್ದ ಹಂದಿಯ ಕೊರಳಿನ ನರಗಳನ್ನು ಕತ್ತರಿಸಿ, ಒದ್ದಾಟ ಮುಂದುವರಿದರೂ ದನಿ ಮಾತ್ರ ತಟ್ಟನೆ ನಿಂತುದನ್ನು ಜನರ ಮುಂದೆ ತೋರಿಸಿದನು. ದನಿಯನ್ನು ಆಳುವ ನರ ಅಂದೇ ಗೊತ್ತಾಗಿತ್ತು.

ಆ ನರ ವೇಗಸ್ ನರದ ಕವಲು. ವೇಗಸ್ ತಲೆಬುರುಡೆಯ ತಳದಿಂದ ಹೊರಟು, ಮೆದುಳಿಗೆ ರಕ್ತವನ್ನೊಯ್ಯುವ ಕೆರೊಟಿಡ್ ಧಮನಿ ಮತ್ತು ಅಲ್ಲಿಂದ ರಕ್ತವನ್ನು ಇಳಿಸುವ ಜುಗುಲರ್ ಸಿರೆ, ಇವೆರಡರ ನಡುವೆ ಒಂದೇ ಹೊದಿಕೆಯೊಳಗೆ ಎದೆಗೆ ಇಳಿಯುತ್ತದೆ. ಎಡಗಡೆಯಲ್ಲಿ ಅದರ ಕವಲೊಂದು ಹೃದಯದ ಮೇಲಿನ ಮಹಾಧಮನಿಯನ್ನು ಸುತ್ತಿಕೊಂಡು ಮತ್ತೆ ಮೇಲೇರಿ ದನಿಪೆಟ್ಟಿಗೆಯನ್ನು ಸೇರುತ್ತದೆ. ಇಷ್ಟು ದೂರ ಸುತ್ತಿ ಬರುವ ನರಕ್ಕೆ ದಾರಿಯಲ್ಲಿ ಎಲ್ಲಿ ಪೆಟ್ಟಾದರೂ ದನಿ ಒಡೆಯುತ್ತದೆ. ಧಮನಿಯ ಹಿಂದೆ ನಮ್ಮ ಇಚ್ಛೆಗೆ ಒಳಪಡದ ಕೆಲಸಗಳನ್ನು ನಡೆಸುವ ಸಿಂಪಥೆಟಿಕ್ ನರಸರಪಳಿ ಇದೆ. ಅದು ಕಣ್ಣಿನ ಪಾಪೆ, ರೆಪ್ಪೆ, ಮುಖದ ಬೆವರು ಇವನ್ನು ನೋಡಿಕೊಳ್ಳುತ್ತದೆ. ಕೊರಳಿನ ಪಕ್ಕದಲ್ಲಿ ಚರ್ಮದ ತೀರ ಕೆಳಗೇ ಹಾದುಹೋಗುವ ಆಕ್ಸೆಸರಿ ನರ ಹೆಗಲನ್ನು ಎತ್ತುತ್ತದೆ. ಬುಡದಲ್ಲಿ ತೋಳಿನ ನರಗಳ ಹೆಣಿಗೆ ಇದೆ. ಇವುಗಳಲ್ಲಿ ಯಾವುದರ ಮೇಲಾದರೂ ನರಗಂಟು ಹುಟ್ಟಬಹುದು. ಹೆಚ್ಚಾಗಿ ಹುಟ್ಟುವುದು ವೇಗಸ್ ಮತ್ತು ಸಿಂಪಥೆಟಿಕ್ ಸರಪಳಿಯ ಮೇಲೆ. ತಲೆಬುರುಡೆ ಬೆನ್ನುಹುರಿಗಳನ್ನು ಬಿಟ್ಟು ಮೈಯ ಉಳಿದೆಡೆಗಳಲ್ಲಿ ಕಾಣುವ ಶ್ವಾನೋಮಾ ಜಾತಿಯ ಗಂಟುಗಳಲ್ಲಿ ನೂರಕ್ಕೆ 25ರಿಂದ 45ರಷ್ಟು ತಲೆ ಮತ್ತು ಕೊರಳಿನ ಭಾಗದವೆಂದು ಎಣಿಕೆಗಳಿವೆ.

ಶ್ವಾನೋಮಾ ಎಂಬ ಹೆಸರು ಬಂದುದು ಜರ್ಮನಿಯ ಥಿಯೋಡೋರ್ ಶ್ವಾನ್ ಎಂಬ ವಿಜ್ಞಾನಿಯಿಂದ. ಪ್ರಾಣಿಗಳ ಶರೀರವೆಲ್ಲ ಕೋಶಗಳಿಂದ ಆದುದೆಂದು 1839ರಲ್ಲಿ ಸಾರಿದ ಈತನೇ ನರತಂತುಗಳನ್ನು ಸುತ್ತಿಕೊಂಡಿರುವ ಕೋಶಗಳನ್ನೂ ವರ್ಣಿಸಿದನು. ಆ ಕೋಶಗಳಿಂದ ಹುಟ್ಟುವ ಗಂಟನ್ನು ಪ್ರಾಗ್ ನಗರದಲ್ಲಿ ಕೆಲಸಮಾಡುತ್ತಿದ್ದ, ಉರುಗ್ವೆ ದೇಶದಲ್ಲಿ ಹುಟ್ಟಿದ ಹೋಸೆ ವೆರೊಕೇ 1910ರ ಸುಮಾರಿಗೆ ಬೇರೆಯಾಗಿ ಗುರುತಿಸಿದನು. ಸೂಕ್ಷ್ಮದರ್ಶಕದಲ್ಲಿ ಅವನು ಕಂಡ ಸಾಲುಸಾಲಾದ ಕೋಶಕೇಂದ್ರಗಳಿಗೆ ಇಂದಿಗೂ ಅವನದೇ ಹೆಸರು. ಇಷ್ಟು ಚರಿತ್ರೆ ಸಾಕು.

ಬೆಟಗೇರಿಯ ನೇಕಾರರ ಮನೆಯಲ್ಲಿ ನೂಲಿನ ಲಡಿಯನ್ನು ನೋಡಿದವರಿಗೆ ನರದ ರಚನೆಯನ್ನು ಬೇರೆ ಹೇಳಬೇಕಾಗಿಲ್ಲ. ಸಾವಿರಾರು ಎಳೆಗಳು, ಪ್ರತಿ ಎಳೆಗೂ ಹೊದಿಕೆ, ಎಲ್ಲವನ್ನೂ ಕಟ್ಟಿದ ಹೊರ ಹೊದಿಕೆ. ಶ್ವಾನೋಮಾ ಬೆಳೆಯುವಾಗ ಕೆಲಸಮಾಡುವ ಎಳೆಗಳನ್ನು ಒಳಗೆ ಸೇರಿಸಿಕೊಳ್ಳದೆ ಪಕ್ಕಕ್ಕೆ ತಳ್ಳುತ್ತದೆ. ಅವು ಗಂಟಿನ ಮೈಮೇಲೆ ತೆಳ್ಳಗೆ ಹರಡಿಕೊಳ್ಳುತ್ತವೆ. ಆದುದರಿಂದ ಆ ಎಳೆಗಳ ನಡುವೆ ಉದ್ದುದ್ದಕ್ಕೆ ಸೀಳಿ, ಶೇಂಗಾದ ಸಿಪ್ಪೆಯನ್ನು ಬಿಡಿಸಿ ಕಾಳನ್ನು ಹೊರತೆಗೆದಂತೆ ಗಂಟನ್ನು ಮಾತ್ರ ತೆಗೆಯಲು ಬರುತ್ತದೆ. ಇದರ ದಾಯಾದಿಯಾದ ನ್ಯೂರೋಫೈಬ್ರೋಮಾದಲ್ಲಿ ಹೀಗಿಲ್ಲ. ಅಲ್ಲಿ ಎಳೆಗಳು ಗಂಟಿನ ಮೈಯೊಳಗೇ ಹಾಸುಹೊಕ್ಕಾಗಿರುವುದರಿಂದ ಗಂಟನ್ನು ತೆಗೆಯಹೋದರೆ ಎಳೆಗಳೂ ಹೋಗುತ್ತವೆ. ಮೈಮೇಲೆ ಹಾಲು ಬೆರೆತ ಕಾಫಿಯ ಬಣ್ಣದ ಮಚ್ಚೆಗಳು ಆರೋ ಹೆಚ್ಚೋ ಇದ್ದು, ಅಲ್ಲಲ್ಲಿ ಮೆತ್ತಗಿನ ಗಂಟುಗಳಿದ್ದರೆ ಅದು ವಂಶದಲ್ಲಿ ಇಳಿದುಬರಬಲ್ಲ ಬೇರೊಂದು ರೋಗದ ಸೂಚನೆ. ಅಂಥವರಲ್ಲಿ ಗಂಟು ಕ್ಯಾನ್ಸರಾಗಿ ಮಾರ್ಪಡುವ ಸಂಭವ ಇತರರಿಗಿಂತ ಹೆಚ್ಚಾದುದರಿಂದ ಅವರನ್ನು ತಜ್ಞರು ಬಿಡದೆ ನೋಡುತ್ತಿರಬೇಕು. ಕೊರಳನ್ನು ನೋಡುವ ವೈದ್ಯನು ಅಂಗಿಯನ್ನು ಬಿಚ್ಚಿಸಿ ಬೆನ್ನನ್ನೂ ನೋಡಬೇಕೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಗುರುತಿಸುವ ಬಗೆ. ಇದರಲ್ಲಿ ಅರ್ಧ ಕೆಲಸ ಬರಿಗೈಯಿಂದಲೇ ಆಗುವಂಥದು ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಯಂತ್ರವಿಲ್ಲವೆಂಬ ನೆವದಿಂದ ಬೆರಳುಗಳು ಸುಮ್ಮನಿರಬಾರದು. ನೀರು ನುಂಗಿಸಿದಾಗ ಗಂಟು ಮೇಲೇರಿದರೆ ಅದು ಥೈರಾಯಿಡಿನದು. ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಸಂಜೆಯ ಜ್ವರ ಇದ್ದರೆ ಕ್ಷಯದ ಕಡೆಗೆ ಮನಸ್ಸು ಹರಿಯಬೇಕು. ಕಲ್ಲಿನಂತೆ ಗಟ್ಟಿಯಾಗಿದ್ದು ಅಲುಗದೆ ಇದ್ದರೆ ಬಾಯಿ, ನಾಲಗೆ, ಗಂಟಲುಗಳನ್ನು ಹುಡುಕಿ ನೋಡದೆ ಬಿಡಲಾಗದು. ನರಗಂಟಾದರೋ ಸಾಮಾನ್ಯವಾಗಿ ಒಂದೇ, ನುಣುಪು, ಉದ್ದುರುಟು, ವರ್ಷಗಟ್ಟಲೆಯದು. ಅದನ್ನು ಅಡ್ಡಡ್ಡಕ್ಕೆ ಅಲುಗಿಸಬಹುದು, ಮೇಲೆ ಕೆಳಗೆ ಅಲುಗಿಸಲಾಗದು. ಏಕೆಂದರೆ ಎರಡೂ ತುದಿಯಲ್ಲಿ ನರವು ಅದನ್ನು ಹಿಡಿದಿರುತ್ತದೆ. ಒತ್ತಿದರೆ ಬೆರಳತುದಿಯವರೆಗೆ ಜುಮ್ಮೆಂದರೆ ಅದು ತೋಳಿನ ನರದ್ದಿರಬಹುದು. ಒತ್ತಿದೊಡನೆ ಒಣಕೆಮ್ಮು ಬಂದರೆ ವೇಗಸ್ಸಿನದೆಂದು ಬಹುಮಟ್ಟಿಗೆ ಹೇಳಬಹುದು. ಅದೇ ಕಡೆಯ ರೆಪ್ಪೆ ಜೋತು, ಪಾಪೆ ಕಿರಿದಾಗಿದ್ದರೆ ಸಿಂಪಥೆಟಿಕ್ ಸರಪಳಿಯನ್ನು ಶಂಕಿಸಬೇಕು. ಇಷ್ಟಕ್ಕೂ ಐದು ನಿಮಿಷ ಸಾಕು. ಗಂಟು ನಾಡಿಯಂತೆ ಮಿಡಿಯುತ್ತಿದ್ದರೆ ಮಾತ್ರ ಕೈ ಹಿಂದೆಗೆಯಬೇಕು. ಅದು ಧಮನಿಗೇ ಅಂಟಿಕೊಂಡ, ರಕ್ತ ತುಂಬಿದ ಗಂಟಾಗಿರಬಹುದು, ಅದಕ್ಕೆ ಸೂಜಿ ಚುಚ್ಚುವುದೂ ಅವಿವೇಕ.

ಬೆರಳಿನ ಬಳಿಕ ಅಲ್ಟ್ರಾಸೌಂಡ್. ಈ ಯಂತ್ರವೆಂದರೆ ಬಸುರಿಯರ ಹೊಟ್ಟೆಯನ್ನು ನೋಡುವುದಕ್ಕೇ ಇರುವುದೆಂದು ನಮ್ಮ ಕಡೆ ಒಂದು ಭಾವನೆ ಬೇರೂರಿದೆ. ಅದೇ ಯಂತ್ರಕ್ಕೆ ಮೇಲುಮೇಲಿನ ಅಂಗಗಳನ್ನು ನೋಡುವ ಚಪ್ಪಟೆ ತುದಿಯ ಕೈಪಿಡಿಯನ್ನು ಜೋಡಿಸಿದರೆ ಕೊರಳಿನ ಗಂಟು ಗ್ರಂಥಿಯೋ, ನೀರುಚೀಲವೋ, ಒಳಗೆ ರಕ್ತ ಹರಿಯುತ್ತಿದೆಯೋ, ಅದರ ಎರಡು ತುದಿಗಳಿಗೆ ನರ ಬಾಲದಂತೆ ಕೂಡಿಕೊಂಡಿದೆಯೋ ಎಂಬುದು ಬಹಳಮಟ್ಟಿಗೆ ತಿಳಿಯುತ್ತದೆ. ವಿಕಿರಣದ ಭಯವಿಲ್ಲ, ಖರ್ಚೂ ಕಡಮೆ. ಆಮೇಲೆ ಸೂಜಿಯಿಂದ ಕೋಶಗಳನ್ನು ಹೀರಿ ಗಾಜಿನ ಮೇಲೆ ಹಚ್ಚಿ ನೋಡುವ ಪರೀಕ್ಷೆ. ದವಾಖಾನೆಗಳಲ್ಲಿ ಇದನ್ನು ಎಫ್.ಎನ್.ಎ.ಸಿ. ಎನ್ನುತ್ತಾರೆ. ಕ್ಷಯವನ್ನೂ ಕ್ಯಾನ್ಸರನ್ನೂ ಹೇಳುವುದರಲ್ಲಿ ಇದು ಸಮರ್ಥ. ನರಗಂಟಿನ ವಿಷಯದಲ್ಲಿ ಮಾತ್ರ ಹಲವು ಸಾರಿ ‘ಸಾಕಷ್ಟು ಕೋಶಗಳಿಲ್ಲ’ ಎಂಬ ಉತ್ತರವೇ ಬರುತ್ತದೆ. ಆ ಉತ್ತರವನ್ನು ನಿಷ್ಪ್ರಯೋಜಕವೆಂದು ಹರಿದೊಗೆಯಬಾರದು. ಸೂಜಿ ತಾಗಿದಾಗ ರೋಗಿಗೆ ಮಿಂಚು ಹೊಡೆದಂತಾಗಿದ್ದರೆ, ಅದನ್ನು ಅವನು ಹೇಳಿದ್ದರೆ, ವರದಿಯಲ್ಲಿ ಆ ಒಂದು ಮಾತನ್ನು ಬರೆದಿಡುವುದು ಗಾಜಿನ ಮೇಲಿನ ಕೋಶಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಸೂಜಿ ಸೋತಿತೆಂದು ಗಂಟಿನ ಒಂದು ತುಂಡನ್ನು ಕೊಯ್ದು ಕಳಿಸುವ ಪದ್ಧತಿಯನ್ನಂತೂ ನಾವು ವಿರೋಧಿಸುತ್ತೇವೆ. ಅದರಿಂದ ನರಕ್ಕೆ ಪೆಟ್ಟಾಗುವುದಲ್ಲದೆ, ಮಾದ ಗಾಯ ಒಳಗೆ ಅಂಟಿಕೊಂಡು ಮುಂದೆ ಸಿಪ್ಪೆಯಿಂದ ಕಾಳನ್ನು ಬಿಡಿಸುವ ಕೆಲಸ ಕಷ್ಟವಾಗುತ್ತದೆ.

ಎಂ.ಆರ್.ಐ. ಚಿತ್ರ ಎಲ್ಲರಿಗೂ ಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ಬಡವರ ಜೇಬನ್ನು ನೋಡಿದವರಲ್ಲ. ನರಗಂಟೆಂಬ ಶಂಕೆ ಗಟ್ಟಿಯಾದ ಕೆಲವರಿಗೆ ಮಾತ್ರ ಅದು ಬೇಕು. ಅವರಿಗೆ ಬೇಕೇ ಬೇಕು. ಅದರಲ್ಲಿ ಕಾಣುವ ಒಂದು ಸಂಗತಿ ಬಹು ಸೊಗಸಾದುದು. ವೇಗಸ್ ನರ ಧಮನಿಗೂ ಸಿರೆಗೂ ನಡುವೆ ಇರುವುದರಿಂದ ಅದರ ಗಂಟು ಬೆಳೆದಂತೆಲ್ಲ ಅವೆರಡನ್ನು ಒಂದರಿಂದೊಂದು ಅಗಲಿಸುತ್ತದೆ. ಸಿಂಪಥೆಟಿಕ್ ಸರಪಳಿ ಅವುಗಳ ಹಿಂದೆ ಇರುವುದರಿಂದ ಅದರ ಗಂಟು ಎರಡನ್ನೂ ಅಗಲಿಸದೆ ಜೊತೆಯಾಗಿಯೇ ಮುಂದಕ್ಕೆ ತಳ್ಳುತ್ತದೆ. ಚರ್ಮಕ್ಕೆ ಗೀರು ಬೀಳುವ ಮೊದಲೇ, ಯಾವ ನರವು ಆಪತ್ತಿನಲ್ಲಿದೆ, ಆದುದರಿಂದ ರೋಗಿಯು ಯಾವ ನಷ್ಟಕ್ಕೆ ಸಿದ್ಧನಾಗಬೇಕು ಎಂಬುದನ್ನು ಇದರಿಂದ ಬಹುಮಟ್ಟಿಗೆ ಹೇಳಬಹುದಾಗಿದೆ. ಕೆಲವರಲ್ಲಿ ಈ ಲಕ್ಷಣ ಸ್ಪಷ್ಟವಾಗಿರುವುದಿಲ್ಲ; ಆಗ ಶಸ್ತ್ರವೈದ್ಯನ ಅನುಭವವೇ ಗತಿ.

ಇದಾವುದೂ ಇಲ್ಲದೆ ಮಾಡುವ ಅರ್ಧ ಗಂಟೆಯ ಕೆಲಸದಲ್ಲಿ ನಡೆಯುವುದೇನು? ಸುತ್ತಲೂ ಮರಗಟ್ಟಿಸುವ ಮದ್ದು ಚುಚ್ಚಿರುವುದರಿಂದ ನರವೂ ಮರಗಟ್ಟಿರುತ್ತದೆ. ಕತ್ತಿ ತಾಗಿದಾಗ ರೋಗಿ ಕೂಗಿ ಎಚ್ಚರಿಸಲಾರನು. ಗಂಟಿನ ಎರಡು ತುದಿಗಳಲ್ಲಿ ಕಾಣುವ ದಪ್ಪ ಎಳೆಯನ್ನು ಬರಿಯ ನಾರೆಂದು ಭಾವಿಸಿ ಕತ್ತರಿಸಿದರೆ ಗಂಟು ಇಡಿಯಾಗಿ ಕೈಗೆ ಬರುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಮರುದಿನ ಗೊತ್ತಾಗುತ್ತದೆ. ದನಿ ಗೊಗ್ಗರಾಗಿದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಇಲ್ಲವೆ ಹೆಗಲು ಜೋತುಬಿದ್ದು ತೋಳು ತಲೆಯ ಮಟ್ಟಕ್ಕೆ ಏಳದು. ಗಂಟು ನರದ್ದೇ ಆಗಿರಬೇಕೆಂದಿಲ್ಲ. ಆಕ್ಸೆಸರಿ ನರಕ್ಕೆ ಆಗುವ ಗಾಯಗಳಲ್ಲಿ ಹೆಚ್ಚಿನವು ಕೊರಳಿನ ಪಕ್ಕದ ಸಾಮಾನ್ಯ ಗ್ರಂಥಿಯನ್ನು ಪರೀಕ್ಷೆಗೆಂದು ಕೊಯ್ಯುವಾಗಲೇ ಆಗುವುವೆಂಬುದು ಜಗತ್ತಿನೆಲ್ಲೆಡೆ ಶಸ್ತ್ರವೈದ್ಯರು ಒಪ್ಪಿದ ಸಂಗತಿ. ಬೆಟಗೇರಿಯ ಮಗ್ಗದ ಮುಂದೆ ಕೂಡುವವನಿಗೆ, ಹತ್ತಿಯ ಅಂಡಿಗೆಯನ್ನು ಹೆಗಲಿಗೇರಿಸುವ ಹಮಾಲನಿಗೆ, ದಿನವಿಡೀ ದನಿಯೆತ್ತಿ ಪಾಠ ಹೇಳುವ ಶಾಲೆಯ ಅಕ್ಕೋರಿಗೆ ಇದು ಅಂದದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಗುರುತು ಸಿಕ್ಕಮೇಲೆ ಚಿಕಿತ್ಸೆ ಏನು? ಇಲ್ಲಿ ನಮ್ಮ ಜನರಿಗೆ ರುಚಿಸದ ಮಾತೊಂದನ್ನು ಹೇಳಬೇಕಾಗಿದೆ. ಎಷ್ಟೋ ಸಾರಿ ಏನೂ ಮಾಡದೆ ನೋಡುತ್ತಿರುವುದೇ ತಕ್ಕ ಚಿಕಿತ್ಸೆ. ಈ ಗಂಟು ಸಾಮಾನ್ಯವಾಗಿ ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುತ್ತದೆ. ರೋಗಿ ವಯಸ್ಸಾದವನಾಗಿದ್ದು, ನೋವಾಗಲಿ ನುಂಗುವ ತೊಂದರೆಯಾಗಲಿ ಇಲ್ಲದೆ, ನಿರ್ಣಯವೂ ಖಚಿತವಾಗಿದ್ದರೆ, ವರ್ಷಕ್ಕೊಮ್ಮೆ ಅಳತೆ ನೋಡಿಸಿಕೊಂಡು ಬಾಳಬಹುದು. ‘ಅಷ್ಟು ದೂರ ಹೋದೆವು, ಡಾಕ್ಟರು ಏನೂ ಮಾಡದೆ ಕಳಿಸಿದರು’ ಎಂದು ಮನೆಯವರು ಗೊಣಗುವುದುಂಟು. ಕೊಯ್ಯದಿರಲು ಕೊಯ್ಯುವುದಕ್ಕಿಂತ ಹೆಚ್ಚಿನ ವಿವೇಚನೆ ಬೇಕು ಎಂಬುದನ್ನು ಅವರಿಗೆ ತಿಳಿಯಹೇಳುವುದು ವೈದ್ಯನ ಕರ್ತವ್ಯ. ಗಂಟು ಬೇಗಬೇಗ ಬೆಳೆದರೆ, ಬಿಡದ ನೋವು ಬಂದರೆ, ಕೈ ಸೋಲತೊಡಗಿದರೆ ಆಗ ಕಾಯಬಾರದು.

ಶಸ್ತ್ರವೇ ಬೇಕಾದಾಗ ಅದನ್ನು ಪೂರ್ಣ ಅರಿವಳಿಕೆ ಕೊಟ್ಟು, ಸೂಕ್ಷ್ಮದರ್ಶಕ ಇಲ್ಲವೆ ದೊಡ್ಡದಾಗಿ ತೋರಿಸುವ ಕನ್ನಡಕದ ನೆರವಿನಿಂದ ಮಾಡತಕ್ಕದ್ದು. ನರಕ್ಕೆ ಕಿರಿದಾದ ವಿದ್ಯುತ್ತನ್ನು ತಾಗಿಸಿ, ಯಾವ ಸ್ನಾಯು ಮಿಡಿಯುತ್ತದೆಂದು ನೋಡಿ, ಎಳೆಗಳಿಲ್ಲದ ಕಡೆ ಮಾತ್ರ ಹೊದಿಕೆಯನ್ನು ಸೀಳುತ್ತಾರೆ. ದನಿಯ ನರವನ್ನು ಕಾಯಲು, ಉಸಿರಿನ ಕೊಳವೆಗೇ ವಿದ್ಯುತ್ ಗ್ರಾಹಕಗಳನ್ನು ಅಂಟಿಸಿ ದನಿತಂತುಗಳ ಮಿಡಿತವನ್ನು ಅರಿಯುವ ಉಪಾಯವೂ ಬಂದಿದೆ. ನರವನ್ನು ಗಂಟಿನೊಡನೆ ಕತ್ತರಿಸಿದರೆ ಅದರ ಕೆಲಸ ನಿಲ್ಲುವುದು ಖಂಡಿತ. ಹೊದಿಕೆಯೊಳಗಿಂದ ಬಿಡಿಸಿದರೆ ಅನೇಕರಲ್ಲಿ ಉಳಿಯುತ್ತದೆ, ಮತ್ತೆ ಗಂಟು ಬೆಳೆಯುವುದು ಅಪರೂಪ. ಆದರೂ ಎಲ್ಲರಲ್ಲಿಯೂ ಉಳಿಯುತ್ತದೆಂದು ಯಾವ ಪ್ರಾಮಾಣಿಕ ಶಸ್ತ್ರವೈದ್ಯನೂ ಮಾತು ಕೊಡಲಾರನು. ಸಹಿ ಹಾಕಿಸುವ ಕಾಗದದಲ್ಲಿ ಈ ಮಾತು ರೋಗಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು. ‘ದನಿ ಕೆಲವು ತಿಂಗಳು ಒಡೆಯಬಹುದು, ಮರಳದೆಯೂ ಇರಬಹುದು’ ಎಂಬಷ್ಟು ಸರಳವಾಗಿದ್ದರೆ ಸಾಕು.

ಇದಕ್ಕೆಲ್ಲ ಬರುವ ಆಕ್ಷೇಪವನ್ನು ನಾವು ಬಲ್ಲೆವು. ಮುಂಡರಗಿಯಿಂದ ಹುಬ್ಬಳ್ಳಿಗೆ ಹೋಗಿಬರುವುದೆಂದರೆ ಒಂದು ದಿನ, ಜೊತೆಗೊಬ್ಬರು, ಇಬ್ಬರ ಕೂಲಿ, ಬಸ್ಸಿನ ಖರ್ಚು, ಹೋದ ದಿನವೇ ಕೆಲಸವಾಗುವ ಭರವಸೆಯಿಲ್ಲ. ಆಕ್ಷೇಪ ನ್ಯಾಯವಾದುದೇ, ಬಡವನ ಅವಸರವನ್ನು ಅಜ್ಞಾನವೆಂದು ಜರೆಯುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಕಾಲ ಬದಲಾಗಿದೆಯೆಂಬುದನ್ನೂ ಗಮನಿಸಬೇಕು. ಗದಗ ಜಿಲ್ಲೆ 1997ರಲ್ಲಿ ಬೇರೆಯಾಯಿತು. 2015ರಲ್ಲಿ ಗದಗ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಯಿತು. ಅದಕ್ಕೂ ಮುಂಚೆ ಈ ಭಾಗದ ಜನ 1957ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜನ್ನೇ ನೆಚ್ಚಿದ್ದರು. ತೊಡಕಿನ ನರಶಸ್ತ್ರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಆಶ್ವಾಸನೆ ಉಂಟು. ಶಸ್ತ್ರಕ್ಕೆ ಹಣವಿದೆ, ಅದಕ್ಕೆ ಮುಂಚಿನ ಓಡಾಟಕ್ಕೆ ಇಲ್ಲ. ಬಡವನನ್ನು ಅರ್ಧ ಗಂಟೆಯ ಕೊಯ್ತಕ್ಕೆ ನೂಕುವುದು ಈ ಕೊರತೆಯೇ ಎಂದು ನಮಗೆ ತೋರುತ್ತದೆ. ಗೊತ್ತಾದ ಒಂದು ದಿನ ತಾಲೂಕು ಆಸ್ಪತ್ರೆಯಲ್ಲಿಯೇ ಕೊರಳಿನ ಗಂಟುಗಳ ಅಲ್ಟ್ರಾಸೌಂಡ್ ಮತ್ತು ಸೂಜಿ ಪರೀಕ್ಷೆ ಎರಡೂ ಜರುಗುವಂತಾದರೆ ಬಹು ಜನರಿಗೆ ಊರಲ್ಲೇ ಉತ್ತರ ಸಿಕ್ಕುತ್ತದೆ. ಗಾಜುಗಳು ಜಿಲ್ಲಾ ಕೇಂದ್ರಕ್ಕೆ ಹೋಗಲಿ, ರೋಗಿ ಹೋಗಬೇಕಾಗಿಲ್ಲ. ನರಗಂಟೆಂಬ ಶಂಕೆ ಉಳಿದ ಒಬ್ಬಿಬ್ಬರನ್ನು ಮಾತ್ರ ಮುಂದೆ ಕಳಿಸಿದರಾಯಿತು.

ಕಳಿಸುವಾಗ ಕೊಡುವ ಚೀಟಿಯ ವಿಷಯವೂ ಚಿಕ್ಕದಲ್ಲ. ‘ಕುತ್ತಿಗೆಯ ಗಂಟು, ಮುಂದಿನ ಚಿಕಿತ್ಸೆಗಾಗಿ’ ಎಂದಷ್ಟೇ ಬರೆದ ಚೀಟಿ ರೋಗಿಯನ್ನು ಮತ್ತೆ ಮೊದಲನೆಯ ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತದೆ. ಎಷ್ಟು ವರ್ಷದ್ದು, ಯಾವ ಕಡೆಗೆ ಅಲುಗುತ್ತದೆ, ಒತ್ತಿದರೆ ಕೆಮ್ಮೋ ಜುಮ್ಮೋ, ದನಿ ರೆಪ್ಪೆ ಹೆಗಲುಗಳ ಸ್ಥಿತಿ, ಸೂಜಿ ತಾಗಿದಾಗ ಆದುದೇನು, ಇಷ್ಟನ್ನು ಆರು ಸಾಲುಗಳಲ್ಲಿ ಬರೆದರೆ ಹುಬ್ಬಳ್ಳಿಯ ವೈದ್ಯನು ಅಲ್ಲಿಂದಲೇ ಮುಂದುವರಿಯುತ್ತಾನೆ. ಹಾಗೆಯೇ ಅಲ್ಲಿಂದ ಹಿಂದಿರುಗುವವನ ಕೈಯಲ್ಲಿಯೂ, ಗಂಟು ಹುಟ್ಟಿದ್ದ ನರ ಯಾವುದು, ಅದು ಉಳಿಯಿತೋ ಇಲ್ಲವೋ ಎಂಬುದನ್ನು ಬರೆದ ಕಾಗದ ಇರಬೇಕು. ದನಿ ಒಡೆದವನಿಗೆ ನೆರವಿಲ್ಲವೆಂದಲ್ಲ. ಸ್ವರದ ಶಿಕ್ಷಣದಿಂದ ಅನೇಕರು ಸುಧಾರಿಸುತ್ತಾರೆ. ಆ ವಿದ್ಯೆಯನ್ನು ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲಿಯೇ ಇದೆ. ಅಷ್ಟರಿಂದ ಸುಧಾರಿಸದವರಿಗೆ, ಸೋತ ದನಿತಂತುವನ್ನು ನಡುವಿನತ್ತ ಸರಿಸಿ ನಿಲ್ಲಿಸುವ ಶಸ್ತ್ರವೂ ಇದೆ. ಆದರೆ ಮುಂಡರಗಿಗೆ ಮರಳಿದ ರೋಗಿಯ ದನಿ ಆರು ತಿಂಗಳಾದರೂ ಏಕೆ ಮರಳಲಿಲ್ಲವೆಂದು ಊರಿನ ವೈದ್ಯನಿಗೆ ತಿಳಿಯಬೇಕಾದರೆ, ಅವನ ಮೇಜಿನ ಮೇಲೆ ಆ ನರದ ಹೆಸರು ಬರೆದ ಕಾಗದ ಇರಬೇಕು.